ಬಟಾಟಿ ಆರುವ ಮುಂಚೆ

ಬೇಯಿಸಿದ ಬಟಾಟಿ ಆರಿತೆಂದರೆ ಮುಗಿಯಿತು. ಆಮೇಲೆ ಎಷ್ಟು ಉಪ್ಪು ಉದುರಿಸಿದರೂ, ಎಷ್ಟು ಲಿಂಬಿಹಣ್ಣು ಹಿಂಡಿದರೂ ಅದು ಒಳಗೆ ಇಳಿಯುವುದಿಲ್ಲ. ಹೋಳಿನ ಮೈಗೆ ಹತ್ತಿಕೊಂಡು ಮೇಲೆಯೇ ಕೂಡುತ್ತದೆ. ಬಿಸಿ ಇದ್ದಾಗ ಹಿಂಡಿದರೆ ಅರ್ಧ ಹಣ್ಣು ಸಾಕು, ರುಚಿ ಹೋಳಿನ ನಡುವಿನವರೆಗೂ ಹೋಗಿರುತ್ತದೆ. ಅಡಿಗೆಮನೆಯ ಈ ಸಣ್ಣ ಸಂಗತಿಯನ್ನು ಹಿಡಿದುಕೊಂಡು ನಾನು ಒಂದು ಜಗಳ ತೆಗೆಯುವವಳಿದ್ದೇನೆ. ನಮ್ಮ ಕಡೆಯ ಮನೆಗಳಲ್ಲಿ ಅಡಿಗೆ ಮಾಡಿದಾಕೆ ಎಲ್ಲರೂ ಉಂಡೆದ್ದ ಮೇಲೆ, ಆರಿದ್ದನ್ನು, ಉಳಿದದ್ದನ್ನು, ಒಬ್ಬಳೇ ಕೂತು ಉಣ್ಣುತ್ತಾಳಲ್ಲ, ಆ ಪದ್ಧತಿಯೊಡನೆ ನನ್ನ ಜಗಳ.

"ಇದೇನು ಹೊಸಾದು? ನಮ್ಮವ್ವ ಉಂಡಿದ್ದೂ ಹಿಂಗ, ಅವರವ್ವ ಉಂಡಿದ್ದೂ ಹಿಂಗ" ಎಂದು ನೀವು ಪುಟ ತಿರುವುವ ಮೊದಲು ಬಿಸಿ ಬಟಾಟಿ ಪಚಡಿ ಮಾಡುವುದನ್ನಾದರೂ ಓದಿಕೊಳ್ಳಿರಿ. ನನ್ನ ಜಗಳ ಒಪ್ಪಿಗೆಯಾಗದಿದ್ದರೂ ಪಚಡಿ ಒಪ್ಪಿಗೆಯಾದೀತು.

ಇದನ್ನು ಈಗಿನ ಹುಡುಗಿಯರು ಸಲಾಡ್ ಎನ್ನುತ್ತಾರೆ. ನನ್ನ ಮಗಳೂ ಹಾಗೇ ಅನ್ನುತ್ತಾಳೆ. ಸಲಾಡ್ ಅಂದರೆ ನಮ್ಮ ಪೇಟೆಗಳಲ್ಲಿ ಎರಡೇ ಅರ್ಥ. ಒಂದು, ಮೈ ಇಳಿಸಬೇಕೆಂದು ಹೆಂಗಸರಿಗೆ ಹೇಳಿಕೊಡುವ ಸವತೀಕಾಯಿ ಗಾಲಿಗಳು. ಎರಡು, ಹೋಟೆಲಿನ ತಣ್ಣಗಿನ ಬಿಳಿ ಮುದ್ದೆ. ಬಾದಾಮಿಯಲ್ಲಿ ಗವಿ ನೋಡಲು ಬರುವವರಿಗೆಂದೇ ನಡೆಯುವ ಒಂದು ಹೋಟೆಲಿನಲ್ಲಿ ಬೀಗರ ಕಡೆಯವರು ನಮಗೆ ಅದನ್ನು ತರಿಸಿಕೊಟ್ಟಿದ್ದರು, ರಷ್ಯನ್ ಸಲಾಡ್ ಅಂತ. ಫ್ರಿಜ್ಜಿನಿಂದ ತೆಗೆದ ಬಟಾಟಿ, ಬಟಾಣಿ, ಗಜ್ಜರಿ, ಮೇಲೆ ಬಾಟಲಿಯ ಮೆಯೊನೀಸು. ಬಟಾಟಿಗೆ ಬಟಾಟಿಯ ರುಚಿಯೇ ಇರಲಿಲ್ಲ. ಈ ಅಡಿಗೆಯ ಮೂಲ ಮಾಸ್ಕೋದಲ್ಲಿದೆ. 1860ರ ದಶಕದಲ್ಲಿ ಅಲ್ಲಿಯ ಹರ್ಮಿಟೇಜ್ ಎಂಬ ಹೋಟೆಲಿನ ಬಾಣಸಿಗ ಲೂಸಿಯೆನ್ ಒಲಿವಿಯೆ ಇದನ್ನು ಹೆಸರಿಗೆ ತಂದ. ಆತನ ಕೈಯಲ್ಲಿ ಅದು ಚೆನ್ನಾಗಿಯೇ ಇದ್ದೀತು. ಆದರೆ ಜರ್ಮನಿಯ ದಕ್ಷಿಣ ಭಾಗದ ಮನೆಗಳಲ್ಲಿ ಬಟಾಟಿ ಸಲಾಡಿಗೆ ಮೆಯೊನೀಸು ಹಾಕುವುದಿಲ್ಲ. ಬಟಾಟಿ ಬಿಸಿ ಇರುವಾಗಲೇ ಹೋಳು ಮಾಡಿ, ಬಿಸಿ ಸಾರು, ಹುಳಿ, ಸಾಸಿವೆ, ಎಣ್ಣೆ, ಉಳ್ಳಾಗಡ್ಡಿ ಕೂಡಿಸಿ ಬೆಚ್ಚಗೇ ತಿನ್ನುತ್ತಾರೆ. ಇದನ್ನು ಓದಿದಾಗ ನನಗೆ ನಗು ಬಂತು. ಹುಳಿ, ಸಾಸಿವೆ, ಎಣ್ಣೆ, ಉಳ್ಳಾಗಡ್ಡಿ: ಇದು ನಮ್ಮ ಪಚಡಿಯಲ್ಲವೇ? ನಾವು ಮೆಂತೆಸೊಪ್ಪಿಗೆ, ಮೂಲಂಗಿಗೆ, ಸವತೀಕಾಯಿಗೆ ಕೊಡುವ ಒಗ್ಗರಣೆಯನ್ನು ಅವರು ಬಟಾಟಿಗೆ ಕೊಟ್ಟಿದ್ದಾರೆ, ಅಷ್ಟೆ. ಅಂದಿನಿಂದ ನಾನು ಇದಕ್ಕೆ ಪಚಡಿ ಎಂದೇ ಹೆಸರಿಟ್ಟೆ.

ಹಾಗೆ ನೋಡಿದರೆ ನಮಗೆ ಇದು ತೀರ ಹೊಸದೂ ಅಲ್ಲ. ಏಕಾದಶಿಗೆ, ಶಿವರಾತ್ರಿಗೆ, ಶ್ರಾವಣ ಸೋಮವಾರಕ್ಕೆ ಉಪವಾಸದ ಬಟಾಟಿ ಮಾಡುವುದಿಲ್ಲವೇ? ಬೇಯಿಸಿದ ಬಟಾಟಿಗೆ ತುಪ್ಪ, ಜೀರಿಗೆ, ಹಸಿಮೆಣಸಿನಕಾಯಿ, ಶೇಂಗಾ ಪುಡಿ, ಮೇಲೆ ಲಿಂಬಿಹಣ್ಣು. ಅದೂ ಬಿಸಿಯಾದ ಬಟಾಟಿ ಪಚಡಿಯೇ. ಉಪವಾಸದ ದಿನ ಅನ್ನ ಬೇಡ, ಉಳ್ಳಾಗಡ್ಡಿ ಬೇಡ, ಬಟಾಟಿ ನಡೆಯುತ್ತದೆ! ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದಲ್ಲಿ ಹುಟ್ಟಿ, ಸಮುದ್ರ ದಾಟಿ ಬಂದ ಗಡ್ಡೆ ಇದು. ನಾವು ಬಾಯಲ್ಲಿ ಅನ್ನುವ ಬಟಾಟಿ ಎಂಬ ಹೆಸರೇ ಪೋರ್ಚುಗೀಜರ ಮಾತು. ಬಾದಾಮಿಯಲ್ಲಿ ಕೂತು ಆಳಿದ ಇಮ್ಮಡಿ ಪುಲಕೇಶಿ ಬಟಾಟಿಯನ್ನು ಕಂಡಿರಲಿಲ್ಲ, ಮೆಣಸಿನಕಾಯಿಯನ್ನೂ ಕಂಡಿರಲಿಲ್ಲ. ಹೊರಗಿನಿಂದ ಬಂದ ಗಡ್ಡೆಗೆ ದೇವರ ಕೋಣೆಯವರೆಗೆ ದಾರಿ ಬಿಟ್ಟ ನಮ್ಮ ಸಂಪ್ರದಾಯಕ್ಕೆ, ಮನೆಯ ಹೆಂಗಸನ್ನು ಊಟದ ಪಂಕ್ತಿಯವರೆಗೆ ಬಿಟ್ಟುಕೊಳ್ಳುವುದು ಅಷ್ಟು ಕಷ್ಟವೇ?

ಇರಲಿ, ಮೊದಲು ಪಚಡಿ.

ನಾಲ್ಕು ಮಂದಿಗೆ ಅರ್ಧ ಕಿಲೋದ ಮೇಲೆ ಒಂದೆರಡು ಗಡ್ಡೆ ಬೇಕು. ಸಾಧ್ಯವಾದಷ್ಟು ಒಂದೇ ಗಾತ್ರದವನ್ನು ಆರಿಸಿಕೊಳ್ಳಿರಿ. ಇಲ್ಲದಿದ್ದರೆ ಸಣ್ಣದು ಒಡೆಯುವ ಹೊತ್ತಿಗೆ ದೊಡ್ಡದು ಒಳಗೆ ಹಸಿಯಾಗಿರುತ್ತದೆ. ಹೊಸ ಬಟಾಟಿ ಹೋಳಾಗಿ ನಿಲ್ಲುತ್ತದೆ. ಬಹಳ ದಿನ ಇಟ್ಟದ್ದು ಹಿಟ್ಟುಹಿಟ್ಟಾಗುತ್ತದೆ. ಸಂತೆಯಲ್ಲಿ ಹಸಿರು ಬಣ್ಣಕ್ಕೆ ತಿರುಗಿದ ಬಟಾಟಿಯನ್ನು ಅಗ್ಗವೆಂದು ತರಬೇಡಿರಿ. ಬೆಳಕಿಗೆ ಬಿದ್ದು ಹಸಿರಾದ ಗಡ್ಡೆಯಲ್ಲಿ, ಮೊಳಕೆಯಲ್ಲಿ, ಸೊಲಾನಿನ್ ಎಂಬ ಕಹಿ ವಿಷ ಹೆಚ್ಚುತ್ತದೆ. ಅದು ಕುದಿಸಿದರೂ ಹೋಗುವುದಿಲ್ಲ.

ಸಿಪ್ಪೆ ತೆಗೆಯದೆ ತೊಳೆದು, ತಣ್ಣೀರಿನಲ್ಲಿ ಹಾಕಿ, ನೀರಿಗೆ ಉಪ್ಪು ಬೆರೆಸಿ ಒಲೆಯ ಮೇಲಿಡಬೇಕು. ಕುದಿಯುವ ನೀರಿಗೆ ಹಾಕಿದರೆ ಹೊರಗೆ ಒಡೆದು ಒಳಗೆ ಗಟ್ಟಿ ಉಳಿಯುತ್ತದೆ. ಕುಕ್ಕರ್ ಬೇಡವೆಂದಲ್ಲ, ಆದರೆ ನಾಲ್ಕು ಸೀಟಿ ಹೊಡೆಸಿ ಪೇಸ್ಟ್ ಮಾಡುವವರಿಗೆ ಈ ಅಡಿಗೆ ಒಲಿಯುವುದಿಲ್ಲ. ಅಗಲವಾದ ಬೋಗುಣಿಯಲ್ಲಿ ನೀರು ಕುದಿ ಹತ್ತಿದ ಮೇಲೆ ಇಪ್ಪತ್ತು ನಿಮಿಷ, ದೊಡ್ಡ ಗಡ್ಡೆಯಾದರೆ ಇನ್ನೂ ಐದು. ಚಾಕುವಿನ ತುದಿ ಸಲೀಸಾಗಿ ಹೋಗಿ ಸಲೀಸಾಗಿ ಹೊರಗೆ ಬರಬೇಕು. ಬೇಯುವ ನೀರಿಗೆ ಲಿಂಬಿಹಣ್ಣು ಹಿಂಡಬೇಡಿರಿ. ಹುಳಿ ಬಿದ್ದರೆ ಬಟಾಟಿ ಮೆತ್ತಗಾಗದೆ ಮೊಂಡು ಹಿಡಿಯುತ್ತದೆ. ಹುಳಿಯ ಸರದಿ ಆಮೇಲೆ.

ಬಟಾಟಿ ಬೇಯುವಷ್ಟರಲ್ಲಿ ಉಳಿದದ್ದೆಲ್ಲ ಸಿದ್ಧವಾಗಬೇಕು. ಒಂದು ದೊಡ್ಡ ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಿ, ಚಿಟಿಕೆ ಉಪ್ಪು, ನಾಲ್ಕು ಹನಿ ಲಿಂಬಿರಸ ಹಾಕಿ ಇಟ್ಟರೆ ಅದರ ಘಾಟು ಇಳಿಯುತ್ತದೆ. ಎರಡು ಹಸಿಮೆಣಸಿನಕಾಯಿ, ಒಂದು ಚೂರು ಶುಂಠಿ ಕಲ್ಲಿನಲ್ಲಿ ಕುಟ್ಟಿಕೊಳ್ಳಿರಿ. ಒಂದು ಹಿಡಿ ಹುರಿದ ಶೇಂಗಾ ತರಿತರಿಯಾಗಿರಲಿ, ಹಿಟ್ಟಾಗಬಾರದು. ಕೊತ್ತಂಬರಿ ಬೇಕೇ ಬೇಕು. ಹಕ್ಕರಕಿ ಸಿಕ್ಕರೆ ಬಿಡಬೇಡಿರಿ. ಅದರ ಎಳೆಯ ಎಲೆಯ ಸಣ್ಣ ಕಹಿ ಬಿಸಿ ಬಟಾಟಿಯ ಜೊತೆಗೆ ಕೂಡುವ ರೀತಿಯನ್ನು ನಾನು ಬರೆದು ತಿಳಿಸಲಾರೆ. ಹಕ್ಕರಕಿ ಇಲ್ಲದ ಕಾಲದಲ್ಲಿ ಎಳೆ ಮೆಂತೆ.

ಈಗ ಅವಸರದ ಕೆಲಸ. ನೀರು ಬಸಿಯಿರಿ, ಆದರೆ ಅರ್ಧ ವಾಟಗದಷ್ಟು ಬಿಸಿನೀರು ತೆಗೆದಿಡಿರಿ. ಗಡ್ಡೆಯನ್ನು ಅರಿವೆಯಲ್ಲಿ ಹಿಡಿದು, ಕೈ ಚುರುಗುಟ್ಟಿದರೂ ಸಿಪ್ಪೆ ಸುಲಿದು ಹೆಬ್ಬೆರಳಿನ ದಪ್ಪ ಹೋಳು ಮಾಡಿ ಪರಾತದಲ್ಲಿ ಹರವಿರಿ. ಉಗಿ ಏಳುತ್ತಿರುವಾಗಲೇ ಉಪ್ಪು, ಲಿಂಬಿರಸ, ತೆಗೆದಿಟ್ಟ ನೀರಿನಲ್ಲಿ ನಾಲ್ಕು ಚಮಚೆ. ಎರಡು ನಿಮಿಷ ಬಿಡಿರಿ. ನೋಡುನೋಡುತ್ತಲೇ ಪರಾತದ ತಳದ ನೀರು ಮಾಯವಾಗುತ್ತದೆ. ಕಾವಿನಲ್ಲಿ ಉಬ್ಬಿ ಸಡಿಲವಾದ ಬಟಾಟಿಯ ಪಿಷ್ಟ ಆ ರಸವನ್ನು ಒಳಗೆ ಎಳೆದುಕೊಳ್ಳುತ್ತದೆ. ಆರಿದ ಮೇಲೆ ಅದೇ ಪಿಷ್ಟ ಬಿಗಿದುಕೊಂಡು ಬಾಗಿಲು ಹಾಕಿಕೊಳ್ಳುತ್ತದೆ. ಆಮೇಲೆ ಕುಟ್ಟಿದ ಮೆಣಸಿನಕಾಯಿ, ಉಳ್ಳಾಗಡ್ಡಿ. ಶೇಂಗಾ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಇಂಗು, ಕರಿಬೇವಿನ ಒಗ್ಗರಣೆ ಚುಂಯ್ ಎನ್ನಿಸಿ ಮೇಲೆ ಸುರಿಯಿರಿ. ಶೇಂಗಾ, ಸೊಪ್ಪು ಕಟ್ಟಕಡೆಗೆ. ಗುರೆಳ್ಳು ಪುಡಿ ಇದ್ದರೆ ಒಂದು ಚಮಚೆ. ಹೋಳು ಒಡೆಯದಂತೆ ಅಡಿಯಿಂದ ಎತ್ತಿ ಎರಡು ಸಲ ತಿರುವಿದರೆ ಆಯಿತು. ಮುಕ್ಕಾಲು ತಾಸಿನ ಅಡಿಗೆ, ಅದರಲ್ಲಿ ಅರ್ಧ ತಾಸು ಬಟಾಟಿ ತಾನೇ ಬೇಯುತ್ತಿರುತ್ತದೆ.

ಮುಂದಿನ ಹತ್ತು ನಿಮಿಷದಲ್ಲಿ ಇದನ್ನು ಉಣ್ಣಬೇಕು. ನನ್ನ ಜಗಳ ಶುರುವಾಗುವುದು ಈ ಹತ್ತು ನಿಮಿಷದಲ್ಲಿ.

ಈ ಪಚಡಿಯನ್ನು ಎತ್ತಿಟ್ಟು ಆಮೇಲೆ ಉಂಡರಾಯಿತು ಅನ್ನುವಂತಿಲ್ಲ. ಒಂದು ತಾಸು ಬಿಟ್ಟರೆ ಸೊಪ್ಪು ಬಾಡುತ್ತದೆ, ಶೇಂಗಾ ಮೆತ್ತಗಾಗುತ್ತದೆ, ಬಟಾಟಿ ಬಿಗಿಯುತ್ತದೆ. ಮತ್ತೆ ಕಾಸಿದರೆ ಉಳ್ಳಾಗಡ್ಡಿಯೂ ಲಿಂಬಿರಸವೂ ಕೆಟ್ಟು ಅದು ಪಚಡಿಯೂ ಅಲ್ಲ ಪಲ್ಯವೂ ಅಲ್ಲ ಎಂಬಂತಾಗುತ್ತದೆ. ಆದ್ದರಿಂದ ಇದನ್ನು ಮಾಡಿದಾಕೆಗೆ ಇದರ ರುಚಿ ಬೇಕಾದರೆ ದಾರಿ ಒಂದೇ: ಎಲ್ಲರ ಜೊತೆಗೆ, ಎಲ್ಲರಷ್ಟೇ ಹೊತ್ತಿಗೆ ತಾಟಿನ ಮುಂದೆ ಕೂಡಬೇಕು.

ನಮ್ಮ ಉಳಿದ ಅಡಿಗೆಗಳು ಹಾಗಿಲ್ಲವೆಂಬುದನ್ನು ಗಮನಿಸಿದ್ದೀರಾ? ಬಿಸಿ ರೊಟ್ಟಿಯನ್ನೇ ತೆಗೆದುಕೊಳ್ಳಿರಿ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಎಸರು ಹಾಕಿ ನಾದಿದ ಹಿಟ್ಟನ್ನು ಆಗಿಂದಾಗ ಬಡಿಯಬೇಕು, ಹಂಚಿಗೆ ಹಾಕಬೇಕು, ಮೇಲೆ ನೀರು ಸವರಬೇಕು, ತಿರುವಿ ಹಾಕಿ ಉಬ್ಬಿಸಬೇಕು. ಒಂದು ರೊಟ್ಟಿ ತಾಟಿಗೆ ಬೀಳುವಷ್ಟರಲ್ಲಿ ಇನ್ನೊಂದು ಹಂಚಿನ ಮೇಲಿರಬೇಕು. ನಮ್ಮ ಕಡೆ ಗಂಡಸರು ಉಣ್ಣುವುದು ರೊಟ್ಟಿಗಿಂತ ಹೆಚ್ಚಾಗಿ ರೊಟ್ಟಿಯ ಬಿಸಿಯನ್ನು. ಬಿಸಿ ರೊಟ್ಟಿಯನ್ನು ಬಳ್ಳೊಳ್ಳಿ, ಜೀರಿಗೆ, ಉಪ್ಪು, ಎಣ್ಣೆಯ ಜೊತೆ ಕುಟ್ಟಿ ಮಾಡುವ ಮುಟಗಿ ಇದೆಯಲ್ಲ, ಅದನ್ನು ತಾನೇ ಬಡಿದ ರೊಟ್ಟಿಯಿಂದ ತನಗೇ ಅಂತ ಬಿಸಿಬಿಸಿ ಮಾಡಿಕೊಂಡು ಉಂಡ ಎಷ್ಟು ಮಂದಿ ಹೆಂಗಸರು ನಿಮಗೆ ಗೊತ್ತು? ಒಲೆಯ ಮುಂದೆ ಕೂತಾಕೆಗೆ ರೊಟ್ಟಿಯ ಕಾವು ಮುಖಕ್ಕೆ ಸಿಗುತ್ತದೆ, ಹೊಟ್ಟೆಗೆ ಸಿಗುವುದಿಲ್ಲ. ಕಡೆಯ ರೊಟ್ಟಿ ಬಡಿದು, ಹಂಚು ಇಳಿಸಿ, ಕೈ ತೊಳೆದು ಬರುವ ಹೊತ್ತಿಗೆ ಆಕೆಗಿಟ್ಟ ಎರಡು ರೊಟ್ಟಿ ಬುಟ್ಟಿಯಲ್ಲಿ ಬೆವರಿ ಮೆತ್ತಗಾಗಿರುತ್ತವೆ. ಪಲ್ಯದ ಬೋಗುಣಿಯಲ್ಲಿ ಒಗ್ಗರಣೆಯ ಎಣ್ಣೆ.

ಹುನಗುಂದದಲ್ಲಿ ನನ್ನ ಜೊತೆ ಕೆಲಸ ಮಾಡಿದ ಒಬ್ಬ ಗೆಳತಿ ಪಾಠ ಹೇಳುತ್ತ ನಿಂತಲ್ಲೇ ಕಣ್ಣುಕತ್ತಲೆ ಬಂದು ಕೂತುಬಿಟ್ಟಳು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಏಳಕ್ಕೆ ಇಳಿದಿತ್ತು. ಡಾಕ್ಟರಮ್ಮ ಕೇಳಿದರು, "ದಿನಾ ಏನು ಊಟ ಮಾಡ್ತೀರಿ?" ಗೆಳತಿ ವಿಚಾರವನ್ನೇ ಮಾಡದೆ ಹೇಳಿದಳು, "ಉಳಿದದ್ದು ಉಣ್ತೀನ್ರಿ." ಪಕ್ಕದಲ್ಲಿ ನಾನಿದ್ದೆ. ಆಕೆ ಬಡವಳಲ್ಲ. ಗಂಡ ಹೆಂಡತಿ ಇಬ್ಬರದೂ ಸರಕಾರಿ ಪಗಾರ, ಹೊಲವೂ ಉಂಟು. ಮನೆಯಲ್ಲಿ ಹೆಸರುಕಾಳು, ಮಡಕಿಕಾಳು, ಹಾಲು ಮೊಸರು, ಸೊಪ್ಪು ಎಲ್ಲ ಇತ್ತು. ಆಕೆಯ ಸರದಿ ಬರುವ ಹೊತ್ತಿಗೆ ಅದರಲ್ಲಿ ಯಾವುದೂ ಇರುತ್ತಿರಲಿಲ್ಲ, ಅಷ್ಟೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಇದಕ್ಕೆ ಕಾರಣಗಳು ಹಲವು. ಎಲ್ಲವನ್ನೂ ಊಟದ ಸರದಿಯ ತಲೆಗೆ ಕಟ್ಟುವಷ್ಟು ನಾನು ದಡ್ಡಿಯಲ್ಲ. ಬಟಾಟಿ ತಿಂದರೆ ರಕ್ತ ಹೆಚ್ಚುತ್ತದೆ ಎಂದೂ ಹೇಳುವುದಿಲ್ಲ. ಆದರೆ ಕಾಳುಪಲ್ಯ, ಸೊಪ್ಪು, ಮೇಲೆ ಹಿಂಡಿದ ಲಿಂಬಿಹಣ್ಣು, ಇವುಗಳಲ್ಲಿ ಒಬ್ಬಾಕೆಯ ಪಾಲು ಆಕೆಗೆ ಸಿಗಬೇಕಾದರೆ ಅವು ಇರುವಾಗಲೇ ಆಕೆ ಕೂಡಬೇಕಷ್ಟೇ?

ಬಾಗಲಕೋಟೆಯವರಿಗೆ ನಾನು ಹೇಳುವುದು ಬೇಗ ತಿಳಿದೀತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದು ಹಳೆಯ ಊರಿನ ಬಹುಭಾಗ ಮುಳುಗಿ, ಜನ ನವನಗರಕ್ಕೆ ಬಂದರು. ನಾವೂ ಬಂದೆವು. ಹಳೆಯ ಮನೆಯಲ್ಲಿ ಅಡಿಗೆಮನೆ ಒಳಗೆ ಕತ್ತಲಲ್ಲಿ, ಊಟ ಹೊರಗೆ ಪಡಸಾಲೆಯಲ್ಲಿ. ಒಳಗಿದ್ದಾಕೆ ಹೊರಗೆ ಬಂದು ಕೂಡಲು ಜಾಗವಿಲ್ಲ ಎಂಬ ನೆವವಾದರೂ ಇತ್ತು. ನವನಗರದ ಮನೆಗಳಲ್ಲಿ ಅಡಿಗೆಮನೆಗೆ ಹತ್ತಿಕೊಂಡೇ ಡೈನಿಂಗ್ ಟೇಬಲ್ಲು ಬಂತು. ಟೇಬಲ್ಲಿಗೆ ನಾಲ್ಕು ಕುರ್ಚಿ, ಆರು ಕುರ್ಚಿ. ನೀವು ಯಾರ ಮನೆಗೆ ಬೇಕಾದರೂ ಹೋಗಿ ನೋಡಿರಿ, ಒಂದು ಕುರ್ಚಿಯ ಮೇಲೆ ಇಸ್ತ್ರಿಯ ಬಟ್ಟೆಯೋ ಪೇಪರಿನ ರಾಶಿಯೋ ಇರುತ್ತದೆ. ಅದು ಯಾರ ಕುರ್ಚಿ ಎಂದು ಬೇರೆ ಹೇಳಬೇಕೆ? ಊರಿಗೆ ಊರೇ ಎದ್ದು ಬೇರೆ ಕಡೆ ಹೋಗಿ ಕೂತಿತು, ಈ ಒಬ್ಬಾಕೆ ಮಾತ್ರ ಇನ್ನೂ ನಿಂತೇ ಇದ್ದಾಳೆ.

ದುಡಿಮೆಯ ಲೆಕ್ಕ ಬೇಕೆನ್ನುವವರಿಗೆ ಲೆಕ್ಕವೂ ಇದೆ. ಕೇಂದ್ರ ಸರಕಾರವೇ 2019ರಲ್ಲಿ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂಬ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. ಆ 97 ನಿಮಿಷವೂ ಮನೆಗೆಲಸ ಮಾಡುವ ಗಂಡಸರದು ಮಾತ್ರ. ಮಾಡದವರನ್ನು ಅದರಲ್ಲಿ ಹಿಡಿದಿಲ್ಲ. ಅಂಥ ಗಂಡಸರಾದರೂ ನಾಲ್ಕು ಮಂದಿಯಲ್ಲಿ ಹೆಚ್ಚು ಕಡಿಮೆ ಒಬ್ಬರು. ಐದು ತಾಸು ದುಡಿದಾಕೆಗೆ ಹದಿನೈದು ನಿಮಿಷ ಬಿಸಿ ಊಟಕ್ಕೆ ಕೂಡುವ ಹಕ್ಕಿಲ್ಲವೆಂದರೆ ಇದು ಯಾವ ಲೆಕ್ಕ? ಗಣಿತದ ಮಾಸ್ತರರು ಬಿಡಿಸಿ ಹೇಳಲಿ.

ಶಾಲೆಯ ಮಾತು ಬಂತು, ಹೇಳಿಬಿಡುತ್ತೇನೆ. 2002ರಲ್ಲಿ ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಶುರುವಾಯಿತು. ಮಧ್ಯಾಹ್ನ ಗಂಟೆ ಬಾರಿಸಿದರೆ ಗಂಡುಹುಡುಗರು ಹೆಣ್ಣುಹುಡುಗಿಯರು ಒಂದೇ ಸಾಲಿನಲ್ಲಿ ಕೂಡುತ್ತಾರೆ. ಒಂದೇ ಬಕೀಟಿನಿಂದ ಬಿಸಿ ಅನ್ನ, ಬಿಸಿ ಸಾಂಬಾರು. ಯಾರೂ ಯಾರಿಗೂ ಕಾಯುವುದಿಲ್ಲ. ಐದನೆಯ ಇಯತ್ತೆಯ ಹುಡುಗಿಯೊಬ್ಬಳು ಒಮ್ಮೆ ನನ್ನನ್ನು ಕೇಳಿದಳು, "ಅಕ್ಕಾರ, ಸಾಲ್ಯಾಗ ನಾನೂ ನಮ್ಮ ತಮ್ಮನೂ ಕೂಡೇ ಉಣ್ತೀವಿ. ಮನ್ಯಾಗ ಅವ ಉಂಡ ಮ್ಯಾಲೆ ನಾ ಯಾಕ ಉಣ್ಬೇಕ್ರಿ?" ನಾನು ಉತ್ತರ ಕೊಡದೆ ಆಕೆಯ ತಾಯಿಯನ್ನು ಕರೆಸಿದೆ. ಬಂದ ತಾಯಿ ಸಿಟ್ಟಾಗಲಿಲ್ಲ, ನಕ್ಕಳು. "ಈಗಿಂದ ರೂಢಿ ಆಗ್ಲಿ ಬಿಡ್ರಿ ಅಕ್ಕಾರ, ನಾಳೆ ಗಂಡನ ಮನ್ಯಾಗ ತ್ರಾಸ ಆಗಬಾರದು." ಆ ತಾಯಿಯ ಮಾತಿನಲ್ಲಿ ಕ್ರೌರ್ಯವಿರಲಿಲ್ಲ, ಮಗಳ ಮೇಲಿನ ಕಾಳಜಿಯೇ ಇತ್ತು. ಅದಕ್ಕೇ ನನಗೆ ಹೆಚ್ಚು ಸಂಕಟ. ಮಗಳನ್ನು ಹಸಿವೆಗೆ ರೂಢಿ ಮಾಡಿಸುವುದು ತಾಯಿಯ ಕಾಳಜಿಯಾಗುವಂಥ ಮನೆಗಳನ್ನು ನಾವು ಕಟ್ಟಿದ್ದೇವೆ. ಶಾಲೆಯಲ್ಲಿ ನಾನು ಏನು ಕಲಿಸಿದರೂ ಸಂಜೆಯ ಊಟಕ್ಕೆ ಅದು ಅಳಿಸಿಹೋಗುತ್ತದೆ.

"ಬಡಸೋದ್ರಾಗ ಒಂದು ಸುಖ ಐತಿ, ಅದು ನಿಮ್ಮಂಥ ನೌಕರಿಯವರಿಗೆ ತಿಳಿಯೂದಿಲ್ಲ" ಎಂದು ಒಬ್ಬ ಹಿರಿಯರು, ಹೆಂಗಸೇ, ನನಗೆ ಬುದ್ಧಿ ಹೇಳಿದ್ದಾರೆ. ಸುಖವಿದೆ, ಇಲ್ಲವೆನ್ನುವುದಿಲ್ಲ. ನಾನೂ ಬಡಿಸಿದ್ದೇನೆ. ಆದರೆ ಅಷ್ಟು ದೊಡ್ಡ ಸುಖವನ್ನು ಒಬ್ಬರೇ ಇಟ್ಟುಕೊಳ್ಳುವುದು ಸರಿಯೇ? ಗಂಡನಿಗೂ ಮಗನಿಗೂ ಅದರಲ್ಲಿ ಸ್ವಲ್ಪ ಪಾಲು ಕೊಡಬೇಕಲ್ಲವೇ? ಬಾದಾಮಿಯ ಬನಶಂಕರಿಯನ್ನು ಶಾಕಂಬರಿ ಎನ್ನುತ್ತೇವೆ. ಬನದ ಹುಣ್ಣಿಮೆಯ ಜಾತ್ರೆಯ ಹೊತ್ತಿಗೆ ಪಲ್ಯದ ಹಬ್ಬವೆಂದು ಆಕೆಗೆ 108 ಬಗೆಯ ಕಾಯಿಪಲ್ಯದ ಅಡಿಗೆ ನೈವೇದ್ಯ. ಹೆಣ್ಣುದೇವರಿಗೆ ಮೊದಲ ಎಡೆ, ಹೆಣ್ಣುಮಗಳಿಗೆ ಕಡೆಯ ತಾಟು! ಅದೇ ಬನಶಂಕರಿಯಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಕಟಕ್ ರೊಟ್ಟಿ, ಕಾಳುಪಲ್ಯ, ಕೆಂಪು ಚಟ್ನಿ, ಗಡಿಗೆ ಮೊಸರು ಮಾರುವ ಹೆಂಗಸರನ್ನು ನೀವು ನೋಡಿದ್ದೀರಿ. ಯಾತ್ರಿಕರು ಗಿಡದ ನೆರಳಿಗೆ ಕೂತು ಬೆರಳು ನೆಕ್ಕುತ್ತಾರೆ. "ನಿಂದು ಊಟ ಆತೇನವ್ವಾ?" ಎಂದು ಒಬ್ಬಾಕೆಯನ್ನು ಕೇಳಿದೆ. "ಬುಟ್ಟಿ ಖಾಲಿ ಆಗ್ಲೆವ್ವಾ" ಅಂದಳು. ಆಗ ಮೂರು ಗಂಟೆಯಾಗಿತ್ತು. ಆಕೆಯದು ಹೊಟ್ಟೆಪಾಡು, ಬುಟ್ಟಿ ಖಾಲಿಯಾದರೆ ಆಕೆಗೆ ದುಡ್ಡು ಬರುತ್ತದೆ. ನಮಗೇನು ಬರುತ್ತದೆ?

ಈ ಕಟಕ್ ರೊಟ್ಟಿಯಲ್ಲೇ ನಮಗೆ ಬಿಡುಗಡೆಯ ದಾರಿಯೂ ಇದೆ. ತೆಳ್ಳಗೆ ಬಡಿದು ಒಣಗಿಸಿಟ್ಟರೆ ವಾರಗಟ್ಟಲೆ ಕೆಡದ ರೊಟ್ಟಿ. ಈಗಂತೂ ನಮ್ಮ ಊರುಗಳಲ್ಲಿ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿದ್ದಾರೆ. ಹತ್ತೋ ಇಪ್ಪತ್ತೋ ರೊಟ್ಟಿ ಕಟ್ಟಿಸಿಕೊಂಡು ಬಂದರೆ ಅವರಿಗೂ ಗಳಿಕೆ. ವಾರದಲ್ಲಿ ಎರಡು ದಿನ ಹಂಚಿಗೆ ರಜೆ ಕೊಡಿರಿ. ರೊಟ್ಟಿ ಬುಟ್ಟಿಯಲ್ಲಿ, ಮೊಸರು ಗಡಿಗೆಯಲ್ಲಿ, ಶೇಂಗಾ ಚಟ್ನಿ ಡಬ್ಬಿಯಲ್ಲಿ. ಬಿಸಿಯದು ಒಂದೇ, ಬಟಾಟಿ ಪಚಡಿಯ ಪರಾತ. ಅದನ್ನು ಒಲೆಯ ಕಟ್ಟೆಯ ಮೇಲೆ ಇಟ್ಟು ಬಡಿಸಬೇಡಿರಿ. ನಡುವೆ ತಂದಿಟ್ಟು, ಅದರ ಪಕ್ಕದಲ್ಲಿ ನಿಮ್ಮ ತಾಟು ಇಟ್ಟುಕೊಂಡು ಕೂತುಬಿಡಿರಿ. ಬೇಕಾದವರು ತಾವೇ ಬಡಿಸಿಕೊಳ್ಳಲಿ. ನೀರು ಬೇಕಾದವರು ಎದ್ದು ಹೋಗಿ ತರಲಿ, ಕಾಲು ಎಲ್ಲರಿಗೂ ಇವೆ.

ಇಳಕಲ್ಲದಲ್ಲಿ ನಾವು ಬಾಡಿಗೆಗಿದ್ದ ಓಣಿಯಲ್ಲಿ ನೇಕಾರರ ಮನೆಗಳಿದ್ದವು. ಗಂಡಸು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತರೆ ಹೆಂಗಸು ಕಂಡಿಕೆ ಸುತ್ತುತ್ತಾಳೆ, ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಜೋಡಿಸುವಲ್ಲಿಯೂ ಕೈಗೂಡಿಸುತ್ತಾಳೆ. ಆ ಕೊಂಡಿ ಇಲ್ಲದಿದ್ದರೆ ಟೋಪ ತೆನಿ ಸೆರಗಿನ ಇಳಕಲ್ಲ ಸೀರೆಯೇ ಇಲ್ಲ. ಅಂಥ ಒಂದು ಮನೆಯಲ್ಲಿ ಒಂದು ಪದ್ಧತಿ ನೋಡಿದೆ. ಮಗ್ಗದ ಸಪ್ಪಳ ನಿಂತಿತೆಂದರೆ ಊಟ. ಆಗ ಕಂಡಿಕೆಯೂ ನಿಲ್ಲಬೇಕು, ಒಲೆಯೂ ನಿಲ್ಲಬೇಕು. ಗಂಡ ಹೆಂಡತಿ ಅತ್ತೆ ಮಕ್ಕಳು ಒಟ್ಟಿಗೇ ಕೂಡುತ್ತಿದ್ದರು. ಮನೆಯ ಯಜಮಾನ ಹೆಚ್ಚು ಓದಿದವನಲ್ಲ. "ಇಕಿ ಹಸದು ಕೂತ್ರ ಎಳಿ ಹರೀತಾವ್ರಿ" ಎಂದ. ಎಷ್ಟು ಸರಳ! ನೌಕರದಾರರ ಮನೆಗಳಲ್ಲಿ ಹರಿಯುವ ಎಳೆ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಯಾರಿಗೂ ಅವಸರವಿಲ್ಲ.

ಇನ್ನು ಸಣ್ಣಪುಟ್ಟ ತಕರಾರುಗಳು. ಬಟಾಟಿ ವಾಯು ಎನ್ನುತ್ತಾರೆ ಹಿರಿಯರು. ಅದಕ್ಕೇ ಇಂಗು, ಶುಂಠಿ, ಜೀರಿಗೆ ಹೇಳಿದ್ದೇನೆ. ಸಕ್ಕರೆ ಕಾಯಿಲೆಯವರು ಬಟಾಟಿಯನ್ನು ಅಳತೆಯಲ್ಲಿ ತಿನ್ನಲಿ, ಒಂದು ರೊಟ್ಟಿ ಕಡಿಮೆ ಮಾಡಲಿ, ಸೊಪ್ಪು ಹೆಚ್ಚು ಹಾಕಿಕೊಳ್ಳಲಿ. ಇದೂ ಒಂದು ಊಟವೇ ಎನ್ನುವವರು ರೊಟ್ಟಿ, ಪಚಡಿ, ಮೊಸರು ಉಂಡು ಅರ್ಧ ತಾಸು ಬಿಟ್ಟು ಮಾತಾಡಲಿ. ಬಂದ ಬೀಗರ ಮುಂದೆ ಹೀಗೆ ಕೂತರೆ ಹೇಗೆ ಎನ್ನುತ್ತೀರಾ? ನಾನು ಕೂತಿದ್ದೇನೆ. ಬೀಗಿತ್ತಿ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ತಮ್ಮ ಸೊಸೆಯನ್ನು "ನೀನೂ ಬಾರ ತಂಗಿ" ಎಂದು ಕರೆದು ಪಕ್ಕಕ್ಕೆ ಕೂಡಿಸಿಕೊಂಡರು. ಮುಂದೆ ಅವರ ಮನೆಯಲ್ಲಿ ಹಾಗೆಯೇ ನಡೆಯಿತೋ ಇಲ್ಲವೋ ವಿಚಾರಿಸಲು ಹೋಗಲಿಲ್ಲ. ಅವತ್ತಂತೂ ಆ ಹುಡುಗಿ ಪಚಡಿಯನ್ನು ಬಿಸಿ ಇರುವಾಗ ಎರಡು ಸಲ ಬಡಿಸಿಕೊಂಡಳು.

ನಮ್ಮ ಅತ್ತೆಯವರದೂ ಹೇಳಬೇಕು. ಬಾದಾಮಿ ಕಡೆಯ ಹಳೆಯ ಜೀವ. ನಾನು ಮೊದಲ ಸಲ ತಾಟು ಹಿಡಿದು ಎಲ್ಲರ ಜೊತೆ ಕೂತಾಗ ಅವರು ಅಡಿಗೆಮನೆಯ ಹೊಸ್ತಿಲ ಮೇಲೆಯೇ ನಿಂತಿದ್ದರು. "ನೀವು ಉಣ್ರಿ, ನಂದೇನು ಅವಸರಿಲ್ಲ" ಎಂದರು, ನಲವತ್ತು ವರ್ಷ ಹೇಳಿಕೊಂಡು ಬಂದ ಮಾತು. ನಾನು ಏಳಲಿಲ್ಲ. ನಮ್ಮ ಮನೆಯವರು ಎದ್ದು ಇನ್ನೊಂದು ತಾಟು ತಂದಿಟ್ಟು, "ಆರ್ತೈತಿ ಬಾ ಯವ್ವಾ" ಅಂದರು. ಕೂತರು. ಒಂದು ಹೋಳು ಬಾಯಿಗಿಟ್ಟುಕೊಂಡು, "ಉಪ್ಪು ಒಳಗ ಹತ್ತೇತಲ್ಲ" ಎಂದಷ್ಟೇ ಹೇಳಿದರು. ಆ ದಿನದಿಂದ ಬಟಾಟಿ ಬೇಯಲಿಟ್ಟರೆ ಎಲ್ಲರಿಗಿಂತ ಮೊದಲು ಬಂದು ಕೂಡುತ್ತಿದ್ದವರು ಅವರೇ.

ಪಚಡಿ ಉಳಿಯುವುದು ಅಪರೂಪ. ಉಳಿದರೆ ಮರುದಿನ ಬೆಳಿಗ್ಗೆ ಹಿಸುಕಿ, ಸ್ವಲ್ಪ ಕಡಲೆಹಿಟ್ಟು ಬೆರೆಸಿ, ಹಂಚಿನ ಮೇಲೆ ಎಣ್ಣೆ ಬಿಟ್ಟು ಚಪ್ಪಟೆ ವಡೆ ಬೇಯಿಸಬಹುದು. ಆದರೆ ಅದನ್ನು ಯಾರು ಬೇಯಿಸಬೇಕು ಎಂಬುದನ್ನು ರಾತ್ರಿ ಊಟಕ್ಕೆ ಕೂತಾಗಲೇ, ಎಲ್ಲರೂ ಇರುವಾಗಲೇ, ಗೊತ್ತು ಮಾಡಿಕೊಂಡು ಏಳಿರಿ.